ಮಂಕಿ ಟೋಪಿ ನಿಂತ ಜಾಗ

ಎಸೆಯಲು ಮನಸ್ಸಿಲ್ಲದ, ಬಳಸಲು ಧೈರ್ಯವಿಲ್ಲದ ಸಾಮಾನುಗಳನ್ನೆಲ್ಲ ತುಂಬಿಡಲು ಜರ್ಮನಿಯವರು ಮನೆಗೊಂದರಂತೆ ನೆಲದಡಿಯಲ್ಲಿ ಕೋಣೆ ಮಾಡಿಕೊಂಡಿದ್ದಾರೆ. ಕೆಲ್ಲರ್ ಎಂದು ಅದರ ಹೆಸರು. ನಮ್ಮ ಕಡೆಯ ಅಟ್ಟವನ್ನು ತಲೆಕೆಳಗು ಮಾಡಿದರೆ ಕೆಲ್ಲರ್ ಆಗುತ್ತದೆ ಎಂದು ತಿಳಿದುಕೊಂಡರೆ ಸಾಕು. ನಾವು ಶ್ವೀಬರ್ಡಿಂಗೆನ್ ಎಂಬ ಈ ಊರಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಅಷ್ಟೂ ವರ್ಷ ನಾನು ಅದರೊಳಗೆ ಇಟ್ಟದ್ದೇ ಹೊರತು ತೆಗೆದದ್ದು ಏನೂ ಇಲ್ಲ.

ಹೋದ ತಿಂಗಳು ನನ್ನ ಹೆಂಡತಿ ಶೈಲಾ ಅದರ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಇವತ್ತ ನೀವ ತಗೀತೀರೋ, ನಾನ ಎಲ್ಲಾ ಹೊರಗ ಒಗೀಲೋ?"

ಅವಳು ಒಗೆಯುತ್ತೇನೆ ಎಂದರೆ ಒಗೆಯುವವಳೇ. ಹೀಗಾಗಿ ಒಂದು ಶನಿವಾರ ಕೆಳಗಿಳಿದೆ. ಕೆಟ್ಟುಹೋದ ಮಾನಿಟರು, ಒಂದೇ ಒಂದು ಗಾಲಿಯಿದ್ದ ಸೂಟ್‌ಕೇಸು, 'ಮೂವತ್ತು ದಿನಗಳಲ್ಲಿ ಜರ್ಮನ್' ಕಲಿಸುತ್ತೇವೆಂದು ಮಾತು ಕೊಟ್ಟಿದ್ದ ಕ್ಯಾಸೆಟ್ಟುಗಳ ಕಟ್ಟು. ಕ್ಯಾಸೆಟ್ಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೂಡ ನಾನು ಬಿಚ್ಚಿರಲಿಲ್ಲ. ಅದರ ಕೆಳಗೆ, ನುಸಿಗುಳಿಗೆಯ ವಾಸನೆ ಹೊಡೆಯುತ್ತ, ಕಡುಗೆಂಪು ಬಣ್ಣದ ಮಂಕಿ ಟೋಪಿ ಕೂತಿತ್ತು. ನೆತ್ತಿಯ ಮೇಲೆ ಹಳದಿ ಗೊಂಡೆ. ಕಿವಿ, ಗದ್ದ, ಕುತ್ತಿಗೆ ಎಲ್ಲ ಮುಚ್ಚಿ, ಮುಖ ಮಾತ್ರ ರೊಟ್ಟಿಯಷ್ಟು ತೋರಿಸುವ ಟೋಪಿ. ಗದಗಿನಿಂದ ಹೊರಡುವಾಗ ಅವ್ವ ಹೆಣೆದು ಕೊಟ್ಟದ್ದು. "ಅಲ್ಲೆ ಬರ್ಫ್ ಬೀಳತೈತಂತ, ತಲಿ ಉಘಾಡಿ ಬಿಟ್ಕೊಂಡು ಅಡ್ಡಾಡಬ್ಯಾಡ" ಎಂದಿದ್ದಳು. ಹಾಕಿಕೊಂಡು ನೋಡಿದೆ. ಅವ್ವ ಅಳತೆ ತಪ್ಪಿರಲಿಲ್ಲ, ಈಚೆಗೆ ನನ್ನ ಗದ್ದವೇ ಎರಡಾಗಿದೆ.

ಈ ಟೋಪಿಯ ಕತೆ ಹೇಳಬೇಕಾದರೆ ನನ್ನ ಮಗಳು ಅನಘಾಳ ಕಾಲಿನ ಕತೆ ಹೇಳಬೇಕು.

ನಾವು ಬಂದದ್ದು ಜರ್ಮನಿಯೂ ಕಂಪ್ಯೂಟರಿನವರಿಗೆ ಗ್ರೀನ್ ಕಾರ್ಡ್ ಕೊಡುತ್ತಿದ್ದ ಕಾಲದಲ್ಲಿ. ಗದಗಿನ ನೆಂಟರೆಲ್ಲ ಇದು ಅಮೆರಿಕದ್ದರ ತಮ್ಮ ಎಂದು ತಿಳಿದು ನನ್ನನ್ನು ಹಾರ ಹಾಕಿ ಕಳಿಸಿದ್ದರು. ಜರ್ಮನಿಯ ಹಸಿರು ಐದು ವರ್ಷಕ್ಕೆ ಹಳದಿಯಾಗುತ್ತದೆ ಎಂಬುದನ್ನು ನಾನು ಯಾರಿಗೂ ಬಿಡಿಸಿ ಹೇಳಲಿಲ್ಲ. ಗಾಡಿಗಳಿಗೆ ಎಲೆಕ್ಟ್ರಾನಿಕ್ಸ್ ಮಾಡುವ ಕಂಪನಿಯಲ್ಲಿ ಕೆಲಸ. ಮೀಟಿಂಗಿನಲ್ಲಿ ನನಗಿಂತ ಬುದ್ಧಿವಂತರು ಕಡಿಮೆ ಇದ್ದರು ಎಂದು ಈಗಲೂ ನಂಬಿದ್ದೇನೆ. ಆದರೆ ಅದನ್ನು ಜರ್ಮನ್ ಭಾಷೆಯಲ್ಲಿ ತೋರಿಸಲು ಬರುತ್ತಿರಲಿಲ್ಲ. ನನ್ನ ವಾಕ್ಯದಲ್ಲಿ ಕ್ರಿಯಾಪದ ಬರುವ ಹೊತ್ತಿಗೆ ಎದುರಿನವರು ಕಾಫಿ ಮುಗಿಸಿ ಎದ್ದಿರುತ್ತಿದ್ದರು. ಬೇಕರಿಯಲ್ಲಿ ಬ್ರೆಡ್ ಕೇಳಿದರೆ ಅಂಗಡಿಯಾಕೆ ನನ್ನ ಮುಖ ನೋಡಿ, ಆಮೇಲೆ ನನ್ನ ಸೊಂಟದ ಮಟ್ಟದಲ್ಲಿದ್ದ ಅನಘಾಳ ಮುಖ ನೋಡುತ್ತಿದ್ದಳು. ಏಳು ವರ್ಷದ ಹುಡುಗಿ ಅಪ್ಪನಿಗೆ ಯಾವ ಬ್ರೆಡ್ ಬೇಕೆಂದು ಹೇಳುತ್ತಿತ್ತು. ನಾನು ಹೌದು ಹೌದು ಎಂದು ತಲೆಯಾಡಿಸುತ್ತಿದ್ದೆ.

ಮಾರ್ಕು ಹೋಗಿ ಯೂರೋ ಬಂದ ಚಳಿಗಾಲದಲ್ಲಿ ಅವಳು ಯಾರದೋ ಹುಟ್ಟುಹಬ್ಬಕ್ಕೆಂದು ಪಕ್ಕದ ಊರಿನ ಐಸ್‌ಹಾಲೆಗೆ, ಅಂದರೆ ಸೂರಿನಡಿಯ ಬರ್ಫಿನ ಮೈದಾನಕ್ಕೆ ಹೋಗಿ ಬಂದಳು. ಮೊಣಕಾಲು ತರಚಿತ್ತು, ಕಣ್ಣು ಹೊಳೆಯುತ್ತಿದ್ದವು. "ಅಪ್ಪಾ, ನಾ ಹಾಕಿ ಆಡ್ತೇನಿ" ಎಂದಳು.

ಗದಗಿನವನ ಎದುರಿಗೆ ಹಾಕಿ ಎಂದರೆ ಏನಾಗಬೇಕು? ಕೂತಿದ್ದವನು ಎದ್ದು ನಿಂತೆ. ನಮ್ಮ ಊರಲ್ಲಿ ಮಗು ಅಂಬೆಗಾಲಿಡುವಾಗ ಸ್ಟಿಕ್ ಸಿಕ್ಕರೆ ಹಿಡಿದುಕೊಳ್ಳುತ್ತದೆ ಎಂದೆಲ್ಲ ಶೈಲಾಳಿಗೆ ಹೇಳಿದೆ. ಅವಳೂ ಗದಗಿನವಳೇ ಎಂಬುದು ಆ ಉತ್ಸಾಹದಲ್ಲಿ ಮರೆತುಹೋಗಿತ್ತು.

ಹೋಗಿ ನೋಡಿದರೆ ಅಲ್ಲಿಯ ಹಾಕಿಗೂ ನಮ್ಮದಕ್ಕೂ ಹೆಸರೊಂದು ಬಿಟ್ಟರೆ ನೆಂಟಸ್ತಿಕೆ ದೂರದ್ದು. ಚೆಂಡಿನ ಬದಲು ಪಕ್ ಎಂಬ ರಬ್ಬರಿನ ಬಿಲ್ಲೆ. ಸುತ್ತಲೂ ಎದೆಯೆತ್ತರದ ಹಲಗೆಯ ಗೋಡೆ. ಎಲ್ಲಕ್ಕಿಂತ ಮುಖ್ಯ, ಕಾಲಿಗೆ ಅಲಗು. ಅಲ್ಲಿಯ ಮಕ್ಕಳು ನಡೆಯುವುದನ್ನೂ ಜಾರುವುದನ್ನೂ ಒಟ್ಟಿಗೆ ಕಲಿತವರು. ನಮ್ಮವಳು ಎಂಟು ತುಂಬಿದ ಮೇಲೆ ಅಲಗಿನ ಮೇಲೆ ನಿಂತವಳು. ಎಡಕ್ಕೆ ಹೊರಳುತ್ತಿದ್ದಳು, ಬಲಕ್ಕೆ ಬಾರದು. ಮುಂದಕ್ಕೆ ಹೋಗುತ್ತಿದ್ದಳು, ಹಿಂದಕ್ಕೆ ಬಾರದು. ನಿಲ್ಲಬೇಕಾದರೆ ಗೋಡೆಯೇ ಬೇಕು. ತರಬೇತಿ ಕೊಡುತ್ತಿದ್ದ ಉಲ್ರಿಕೆ ಎಂಬ ನಡುವಯಸ್ಸಿನ ಹೆಂಗಸು ಮೊದಲ ದಿನ ಅವಳನ್ನು ನೋಡಿ ತುಟಿ ಬಿಗಿಹಿಡಿದಳು, ಆದರೆ ಬೇಡ ಎನ್ನಲಿಲ್ಲ.

ಕಾಲು ಸೋತವರು ಸುಮ್ಮನೆ ಕೂಡುವುದಿಲ್ಲ, ಒಂದೊಂದು ಉಪಾಯ ಹೂಡುತ್ತಾರೆ. ಇದನ್ನು ನಾನು ಶನಿವಾರ ಬೆಳಗಿನ ಏಳು ಗಂಟೆಗೆ, ಶೈಲಾ ಸುತ್ತಿಕೊಟ್ಟ ಚಟ್ನಿಪುಡಿ-ಚಪಾತಿ ಅಗಿಯುತ್ತ, ಆ ಹಲಗೆಯ ಹೊರಗೆ ನಿಂತು ಕಲಿತೆ. ಒಬ್ಬ ದುಂಡನೆಯ ಹುಡುಗನಿಗೆ ನಿಲ್ಲಲು ಬಾರದು. ಅವನು ಬೇಕೆಂದೇ ಬೀಳುತ್ತಿದ್ದ, ಅದೂ ಸರಿಯಾಗಿ ಎದುರಾಳಿಯ ದಾರಿಗೆ ಅಡ್ಡ. ಇನ್ನೊಬ್ಬಳು ಉದ್ದನೆಯ ಕೈಯವಳು, ಇದ್ದಲ್ಲೇ ನಿಂತು ಸ್ಟಿಕ್ಕನ್ನು ಮೀನುಗಾರನ ಗಾಳದಂತೆ ಚಾಚುತ್ತಿದ್ದಳು. ನಮ್ಮ ಅನಘಾ ಪಕ್ ಬಂದ ಕೂಡಲೇ ಇಟ್ಟುಕೊಳ್ಳದೆ ಯಾರಿಗಾದರೂ ಕೊಟ್ಟುಬಿಡುತ್ತಿದ್ದಳು, ಬಾಡಿಗೆ ಸೈಕಲ್ಲು ಸಮಯಕ್ಕೆ ಮುಂಚೆಯೇ ತಿರುಗಿ ಕೊಡುವವರ ಹಾಗೆ. ಅವಳ ಕೈ ಚುರುಕಾಗಿತ್ತು. ಕಣ್ಣು ಇನ್ನೂ ಚುರುಕಾಗಿತ್ತು. ಕಾಲು ಮಾತ್ರ ನನ್ನದು.

ನನ್ನ ಪಾದ ಚಪ್ಪಟೆ. ಗದಗಿನ ಶಾಲೆಯ ಎರೆಮಣ್ಣಿನ ಮೈದಾನದಲ್ಲಿ ನಾನು ಓಡಿದರೆ ಹೆಜ್ಜೆಗೆ ಅರ್ಧ ಸೇರು ಮಣ್ಣು ಮೇಲೆ ಬರುತ್ತಿತ್ತು. ನನ್ನ ಅಡ್ಡಹೆಸರು ಆನೆ. ಅಂಥ ನನ್ನನ್ನೂ ನಮ್ಮ ಪಿ.ಟಿ. ಮಾಸ್ತರರಾದ ಹನಮಂತಪ್ಪನವರು ಟೀಮಿನಲ್ಲಿ ಇಟ್ಟುಕೊಂಡಿದ್ದರು. ಅವರಿಗೆ ಬಿಸಿಲಿಗೂ ಮಳೆಗೂ ಕೈಯಲ್ಲೊಂದು ಕಪ್ಪು ಛತ್ರಿ ಇರಲೇಬೇಕು. ಆಟ ನಡೆಯುವಾಗ ಗೆರೆಯ ಹೊರಗೆ ಆ ಛತ್ರಿ ಹಿಡಿದು ಅತ್ತಿತ್ತ ನಡೆಯುವರು. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿಗೆ ಇನ್ನೊಂದು ಗಳಿಗೆಗೆ ಚೆಂಡು ಬರುತ್ತಿತ್ತು. ಅದು ಹೇಗೆ ತಿಳಿಯುತ್ತಿತ್ತೋ, ಅವರಿಗೇ ಗೊತ್ತು. "ಲೇ ಆನಿ, ಚಂಡಿನ ಹಿಂದ ಓಡಬ್ಯಾಡ. ಛತ್ರಿ ನೋಡು" ಎನ್ನುತ್ತಿದ್ದರು. ಚೆಂಡು ಗೋಲಿನ ಹಿಂದಿನ ಗೆರೆ ದಾಟಿತೆಂದರೆ ನಮಗೆಲ್ಲ ಹಬ್ಬ. ಅಲ್ಲಿಂದಾಚೆ ಜಾಲಿಕಂಟಿ. ಯಾರೋ ಮುಳ್ಳು ಚುಚ್ಚಿಸಿಕೊಂಡು ಚೆಂಡು ಹುಡುಕಿ ತರುವವರೆಗೆ ಆಟ ನಿಂತಿತು, ಮಾಸ್ತರರು ಛತ್ರಿಯೊಂದಿಗೆ ನಡುಗೆರೆಗೆ ವಾಪಸು, ನಾನೂ ವಾಪಸು. ನನ್ನಂಥ ಕಾಲಿನವರು ಉಸಿರು ಹಿಂದಕ್ಕೆ ಪಡೆದದ್ದು ಆ ಜಾಲಿಕಂಟಿಯ ಕೃಪೆಯಿಂದ.

ಈಗ ನಿಮಗೆ ಟೋಪಿಯ ಕೆಲಸ ಏನೆಂದು ಹೊಳೆದಿರಬೇಕು. ಅನಘಾಳನ್ನು ಕೂಡಿಸಿಕೊಂಡು ಹೇಳಿದೆ: "ನೀ ಪಕ್ಕಿನ ಹಿಂದ ಓಡಬ್ಯಾಡ. ನನ್ನ ಟೋಪಿ ನೋಡು. ನಾ ಎಲ್ಲಿ ನಿಂದ್ರತೇನಿ, ಅಲ್ಲಿ ಬಾ."

ಅವಳು ಗಂಭೀರವಾಗಿ ತಲೆಯಾಡಿಸಿದಳು. ಅಂದಿನಿಂದ ಎರಡು ಚಳಿಗಾಲ ನಾನು ಆ ಹಲಗೆಯ ಉದ್ದಕ್ಕೂ ಕೆಂಪು ಮಂಕಿ ಟೋಪಿಯಲ್ಲಿ ನಡೆದೆ. ಉಳಿದ ಅಪ್ಪ-ಅಮ್ಮಂದಿರು ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತು ಫ್ಲಾಸ್ಕಿನಿಂದ ಕಾಫಿ ಕುಡಿಯುತ್ತಿದ್ದರು. ನಾನು ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ಒಮ್ಮೆ ನೋಡಲು ಬಂದಿದ್ದ ಶೈಲಾ, "ಏನ್ರೀ, ಮಗಳನ್ನ ಆಡಸಾಕ ಬಂದೀರೋ, ಹುಬ್ಬಳ್ಳಿ ಬಸ್ಸಿಗೆ ಕೈ ಮಾಡಾಕ ಬಂದೀರೋ?" ಎಂದಳು.

ನಗುವವರು ನಗಲಿ. ಆ ನಡುವೆ ಒಂದು ಗಳಿಗೆ ಇರುತ್ತಿತ್ತು, ಅದರ ಸಲುವಾಗಿ ನಾನು ಇಡೀ ವಾರ ಆಫೀಸಿನ ಮೀಟಿಂಗುಗಳನ್ನು ಸಹಿಸುತ್ತಿದ್ದೆ. ಗುಂಪಿನ ನಡುವಿನಿಂದ ಒಂದು ಪುಟ್ಟ ಹೆಲ್ಮೆಟ್ ಮೇಲಕ್ಕೆದ್ದು, ಅದರ ಜಾಳಿಗೆಯ ಹಿಂದಿನ ಎರಡು ಕಣ್ಣು ಐಸ್‌ಹಾಲೆಯ ಉದ್ದಗಲಕ್ಕೂ ಕೆಂಪು ಟೋಪಿಯನ್ನು ಹುಡುಕುತ್ತಿದ್ದವು. ಹುಡುಕಿ, ಕಂಡು, ಅಲುಗಾಡುತ್ತ ಅಲ್ಲಿಗೆ ಬರುತ್ತಿದ್ದವು. ಜರ್ಮನಿಯಲ್ಲಿ ನಾನು ಏನು ಹೇಳಿದೆ ಎಂಬುದನ್ನು ಎರಡನೇ ಸಲ ಕೇಳದೆ ಪಾಲಿಸುತ್ತಿದ್ದ ಜೀವ ಅದೊಂದೇ.

ಎರಡನೆಯ ಚಳಿಗಾಲ ಮುಗಿಯುತ್ತ ಬಂದಾಗ ಉಲ್ರಿಕೆ ನನ್ನನ್ನು ಬದಿಗೆ ಕರೆದು ನಿಧಾನವಾಗಿ, ನನಗೆ ತಿಳಿಯಲೆಂದು ಒಂದೊಂದೇ ಪದ ಬಿಡಿಸಿ ಹೇಳಿದಳು. ಮುಂದಿನ ವಯಸ್ಸಿನ ಗುಂಪಿಗೆ ಮಕ್ಕಳನ್ನು ಆರಿಸುವ ದಿನ ಹತ್ತಿರ ಬಂತು. ಆಯ್ಕೆಯಾಗದವರಿಗೆ ಅಲ್ಲಿ ಜಾಗವಿಲ್ಲ. ನಿಮ್ಮ ಮಗಳ ಕೈ ಚೆನ್ನಾಗಿದೆ, ಕಣ್ಣು ಬಹಳ ಚೆನ್ನಾಗಿದೆ. ಸ್ಕೇಟಿಂಗ್ ಕಡಿಮೆ, ಅದು ಇರಲಿ, ಅದಕ್ಕೆ ದಾರಿ ಇದೆ. ಆದರೆ ಅವಳು ಯಾವಾಗಲೂ ತಡವಾಗಿ ಬರುತ್ತಾಳೆ. ಮೊದಲು ಇನ್ನೆಲ್ಲಿಗೋ ಹೋಗಿ, ಆಮೇಲೆ ಪಕ್ ಇರುವಲ್ಲಿಗೆ ಬರುತ್ತಾಳೆ. ಯಾಕೆ?

ಇಷ್ಟು ಹೇಳಿ ಅವಳು ನನ್ನ ಟೋಪಿಯ ಗೊಂಡೆಯನ್ನು ಒಂದು ಗಳಿಗೆ ನೋಡಿದಳು. ನನಗೆ ಅರ್ಧ ತಿಳಿಯಿತು. ತಿಳಿದ ಅರ್ಧದಿಂದ ನಾನು ತೀರ್ಮಾನಿಸಿದ್ದೇನೆಂದರೆ, ಇನ್ನು ಮುಂದೆ ನಾನು ಇನ್ನೂ ಬೇಗ ನಡೆಯಬೇಕು.

ಮನೆಯಲ್ಲಿ ಅನಘಾ ಊಟ ಬಿಟ್ಟಳು. "ನನ್ನ ತಗೊಳ್ಳಲಿಲ್ಲಂದ್ರ?" ಎಂದು ಶೈಲಾಳ ಸೆರಗಿಗೆ ಮುಖ ಒತ್ತಿಕೊಂಡು ಕೇಳಿದಳು. ಶಾಲೆಯಲ್ಲಿ ಅವಳಿಗಿದ್ದ ನಾಲ್ಕು ಗೆಳತಿಯರೂ ಆ ಐಸ್‌ಹಾಲೆಯವರೇ. ಅದು ಹೋದರೆ ಎಲ್ಲ ಹೋದಂತೆ ಎಂಬುದು ಹತ್ತು ವರ್ಷದ ಹುಡುಗಿಯ ಲೆಕ್ಕ. ಆ ಲೆಕ್ಕ ತಪ್ಪೂ ಅಲ್ಲ.

ಆಯ್ಕೆ ಒಂದು ಗುರುವಾರ ಮಧ್ಯಾಹ್ನ ಎಂದು ಗೊತ್ತಾಯಿತು. ಅದೇ ಗುರುವಾರ, ಅದೇ ಮಧ್ಯಾಹ್ನ, ವಿದೇಶೀಯರ ಕಚೇರಿಯಲ್ಲಿ ನನ್ನ ಪರ್ಮಿಟ್ ಮುಂದುವರಿಸುವ ಟೆರ್ಮಿನ್. ಈ ದೇಶದಲ್ಲಿ ಟೆರ್ಮಿನ್ ಎಂದರೆ ಮುಹೂರ್ತ. ಮದುವೆ ಮುಹೂರ್ತವನ್ನಾದರೂ ಭಟ್ಟರಿಗೆ ಹೇಳಿ ಅರ್ಧ ತಾಸು ಜಗ್ಗಬಹುದು, ಇದನ್ನು ಜಗ್ಗಲಾಗದು. ಶೈಲಾ ಅವಳನ್ನು ಕರೆದುಕೊಂಡು ಹೋದಳು. ನಾನು ಟೈ ಕಟ್ಟಿ, ಫೈಲು ಹಿಡಿದು, ಟೋಪಿಯನ್ನು ಮನೆಯ ಗೂಟಕ್ಕೆ ಬಿಟ್ಟು ಹೋದೆ. ಬಾಗಿಲಲ್ಲಿ ಅನಘಾ ಗೂಟದ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ನೀ ಬರೂದಿಲ್ಲ?"

"ಕೆಲಸ ಮುಗಿದ ಕೂಡಲೇ ಓಡಿ ಬರ್ತೇನಿ ಪುಟ್ಟಿ."

"ನಿನಗ ಓಡಾಕ ಬರೂದಿಲ್ಲಪ್ಪಾ" ಎಂದಳು. ತಮಾಷೆಗೆ ಹೇಳಿದ್ದಲ್ಲ.

ಕಚೇರಿಯಲ್ಲಿ ಕಾಗದ ಸರಿಯಿದ್ದವು, ಮುದ್ರೆ ಬಿತ್ತು, ನಾವು ಉಳಿದೆವು. ಬೇರೆ ದಿನವಾಗಿದ್ದರೆ ಅಲ್ಲೇ ಯಾರಿಗಾದರೂ ಪೇಢೆ ಹಂಚುತ್ತಿದ್ದೆ. ಅವತ್ತು ನೇರ ಎಸ್-ಬಾನ್ ರೈಲು ಹಿಡಿದು, ಇಳಿದು, ಚಪ್ಪಟೆ ಪಾದಗಳಿಂದ ನಿಜವಾಗಿಯೂ ಓಡಿದೆ. ಐಸ್‌ಹಾಲೆಯ ಬಾಗಿಲು ನೂಕಿದಾಗ ಕೋನುಗಳ ಸುತ್ತ ಸ್ಕೇಟ್ ಮಾಡಿಸುವ ಪರೀಕ್ಷೆ ಮುಗಿದುಹೋಗಿತ್ತು. ಅದರಲ್ಲಿ ಅವಳು ಕೊನೆಯಿಂದ ಎರಡನೆಯವಳು ಎಂದು ಆಮೇಲೆ ಗೊತ್ತಾಯಿತು. ಕೊನೆಯವನು ಬೀಳುವ ಹುಡುಗ. ಈಗ ಆಟ ಆಡಿಸುತ್ತಿದ್ದರು. ನಾನು ಏದುಸಿರು ಬಿಡುತ್ತ ಬಾಗಿಲ ಬಳಿಯ ಕಂಬಕ್ಕೆ ಆತು ನಿಂತೆ.

ಯಾರೋ ಬೀಸಿ ಹೊಡೆದರು. ಪಕ್ ಗೋಲನ್ನು ತಪ್ಪಿಸಿ ಹಿಂದಕ್ಕೆ ಹೋಯಿತು. ನನ್ನ ಮೈ ತಾನಾಗಿಯೇ ಸಡಿಲವಾಯಿತು. ಆದರೆ ಅಲ್ಲಿ ಅನಘಾ ಇದ್ದಳು. ಓಡಿ ಬಂದದ್ದಲ್ಲ. ಅದಕ್ಕೂ ಮುಂಚೆಯೇ ಹೊರಟು, ನಿಧಾನವಾಗಿ, ಎಡಕ್ಕೆ ಮಾತ್ರ ಹೊರಳುತ್ತ, ಗೋಲಿನ ಹಿಂದೆ ಬಂದು ನಿಂತಿದ್ದಳು. ಪಕ್ ಹಲಗೆಗೆ ಬಡಿದು, ಕರೆದರೆ ಬರುವ ಕರುವಿನಂತೆ ಅವಳ ಸ್ಟಿಕ್ಕಿಗೇ ಬಂತು. ತಲೆ ಎತ್ತದೆ ಅದನ್ನು ಮುಂದಕ್ಕೆ ಕೊಟ್ಟಳು. ಉದ್ದ ಕೈಯ ಹುಡುಗಿ ಗೋಲಿಗೆ ನೂಕಿದಳು. ಮುಂದೆ ಹತ್ತು ನಿಮಿಷ ನಾನು ನೋಡಿದ್ದು ಅದನ್ನೇ. ಎಲ್ಲರೂ ಅವಳಿಗಿಂತ ಬೇಗ ಜಾರುತ್ತಿದ್ದರು, ಎಲ್ಲರಿಗಿಂತ ಮೊದಲು ಅವಳು ಅಲ್ಲಿರುತ್ತಿದ್ದಳು.

ಗೋಲಿನ ನಂತರ ಒಮ್ಮೆ ಆ ಪುಟ್ಟ ಹೆಲ್ಮೆಟ್ ಮೇಲೆದ್ದಿತು. ಕಣ್ಣು ಐಸ್‌ಹಾಲೆಯ ಉದ್ದಗಲಕ್ಕೂ ಹರಿದವು, ಕಂಬದ ಬಳಿಯೂ ಹಾದುಹೋದವು. ಟೈ ಕಟ್ಟಿದ ಬರಿದಲೆಯ ಮನುಷ್ಯನನ್ನು ಅವು ಗುರುತಿಸಲಿಲ್ಲ. ಕೈ ಎತ್ತಿದ್ದರೆ ಸಾಕಿತ್ತು. ನಾನು ಎತ್ತಲಿಲ್ಲ. ಅವಳಿಗೆ ನಾನು ಬೇಕಿಲ್ಲ ಎಂಬುದು ಕಣ್ಣೆದುರಿಗೇ ಕಾಣುತ್ತಿರುವಾಗ ಕೈ ಎತ್ತಿ ಏನೆಂದು ಹೇಳುವುದು? ಅವಳು ಮುಖ ತಿರುಗಿಸಿಕೊಂಡು ಆಟಕ್ಕೆ ಹೋದಳು.

ಅವಳನ್ನು ಆರಿಸಿದರು. ಮನೆಯಲ್ಲಿ ಶೈಲಾ ಗೋಧಿ ಹುಗ್ಗಿ ಮಾಡಿದಳು. ಪರ್ಮಿಟ್ಟಿಗೋ ಆಯ್ಕೆಗೋ ಎಂದು ಯಾರೂ ಕೇಳಲಿಲ್ಲ. ಮುಂದಿನ ಶನಿವಾರದಿಂದ ನಾನು ಮೆಟ್ಟಿಲ ಮೇಲೆ ಒಂದೇ ಕಡೆ ಕೂತೆ, ಕಂಬಳಿ ಹೊದ್ದು, ಫ್ಲಾಸ್ಕು ಇಟ್ಟುಕೊಂಡು, ತಲೆಗೆ ಅಂಗಡಿಯ ಕರಿ ಟೋಪಿ ಹಾಕಿಕೊಂಡು. ಅನಘಾ ಒಂದೆರಡು ವಾರ ಆಗಾಗ ತಲೆ ಎತ್ತಿ ನೋಡಿದಳು. ಆಮೇಲೆ ನೋಡಲಿಲ್ಲ. ಅದೇ ಒಳ್ಳೆಯ ಆಟಗಾರರ ಲಕ್ಷಣ ಎಂದು ಪಕ್ಕದಲ್ಲಿ ಕೂತವರಿಗೆ ನನ್ನ ಮುರುಕು ಜರ್ಮನ್ನಿನಲ್ಲಿ ಹೇಳಿದೆ. ಅವರು ಒಪ್ಪಿದರು.

ಮಕ್ಕಳು ದೊಡ್ಡವರಾಗುವುದನ್ನು ಯಾವ ಅಪ್ಪನೂ ತಡೆದದ್ದಿಲ್ಲ. ಹದಿನೈದಕ್ಕೆ ಅವಳ ಕೋಣೆಯ ಬಾಗಿಲು ಮುಚ್ಚಿತು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಜರ್ಮನ್ನಿನಲ್ಲಿ ಉತ್ತರ ಬರತೊಡಗಿತು, ಅದೂ ಎರಡು ಪದಗಳಲ್ಲಿ. ಓದಲು ದೂರದ ಬಾನ್ ನಗರಕ್ಕೆ ಹೋದಳು, ಅಲ್ಲೇ ಕೆಲಸ ಹಿಡಿದಳು. ಭಾನುವಾರ ಫೋನು ಬರುತ್ತದೆ. ಚಳಿ ಹೇಗಿದೆ, ಬಿ.ಪಿ. ಮಾತ್ರೆ ತಗೊಂಡೆಯಾ, ಅಮ್ಮನಿಗೆ ಕೊಡು. ನಡುವೆ ನಾನು ಹೇಳಬೇಕೆಂದಿದ್ದ ಮಾತಿನ ಕ್ರಿಯಾಪದ ಈಗಲೂ ತಡವಾಗಿಯೇ ಬರುತ್ತದೆ. ಕೆಲವು ಶನಿವಾರ ಸುಮ್ಮನೆ ಆ ಐಸ್‌ಹಾಲೆಯ ಮುಂದೆ ಗಾಡಿ ನಿಲ್ಲಿಸಿ, ಹೊರಗೆ ಬರುವ ರಬ್ಬರಿನ, ಒದ್ದೆ ಕಾಲುಚೀಲದ ವಾಸನೆ ಕುಡಿದು ಮನೆಗೆ ಬಂದದ್ದುಂಟು. ತರಕಾರಿಗೆ ಹೋಗಿದ್ದೆ ಎಂದು ಶೈಲಾಳಿಗೆ ಹೇಳಿದ್ದೂ ಉಂಟು. ತರಕಾರಿ ಎಲ್ಲಿ ಎಂದು ಅವಳು ಯಾವತ್ತೂ ಕೇಳಲಿಲ್ಲ.

ಕೆಲ್ಲರಿನಲ್ಲಿ ಟೋಪಿ ಸಿಕ್ಕ ದಿನ ಅದನ್ನು ಹಾಕಿಕೊಂಡೇ ಒಂದು ಫೋಟೊ ತೆಗೆದು ಅನಘಾಳಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನು ಬಂತು. ಭಾನುವಾರವಲ್ಲ, ಶನಿವಾರ. ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ಜರ್ಮನ್ನಿನಲ್ಲಿ ಮಾತಾಡಿದಳು. ಇಷ್ಟು ವರ್ಷಕ್ಕೆ ಅಷ್ಟು ನನಗೆ ತಿಳಿಯುತ್ತದೆ.

"ಅಪ್ಪಾ, ಒಂದು ಹೇಳಲಾ? ನೀನು ಯಾವಾಗಲೂ ತಪ್ಪು ಜಾಗದಲ್ಲಿ ನಿಲ್ಲುತ್ತಿದ್ದೆ. ಪಕ್ ಗೋಲಿನ ಹಿಂದೆ ಹೋದ ಕೂಡಲೇ ನೀನು ಆಟ ಮುಗಿದವನ ಹಾಗೆ ನಡುಗೆರೆಗೆ ಹೋಗಿಬಿಡುತ್ತಿದ್ದೆ. ಇಲ್ಲಿ ಗೋಲಿನ ಹಿಂದೆಯೂ ಆಟ ಇದೆ ಎಂಬುದು ನಿನಗೆ ಗೊತ್ತೇ ಇರಲಿಲ್ಲ."

ನನಗೆ ಜಾಲಿಕಂಟಿ ಕಣ್ಣ ಮುಂದೆ ಬಂತು. ಗೆರೆ ದಾಟಿದರೆ ಔಟ್. ಮಾಸ್ತರರ ಛತ್ರಿ ನಡುಗೆರೆಗೆ ವಾಪಸು. ಎರಡು ಚಳಿಗಾಲ ನಾನು ಗದಗಿನ ಮೈದಾನದಲ್ಲೇ ನಡೆದಿದ್ದೆ.

"ಮತ್ತ ನೀ ಬರ್ತಿದ್ದೆಲ್ಲ, ನಾ ನಿಂತಲ್ಲಿಗೆ?"

"ಬರುತ್ತಿದ್ದೆ. ಮೊದಲು ನಿನ್ನ ಹತ್ತಿರ ಬಂದು, ಆಮೇಲೆ ಪಕ್ ಇದ್ದಲ್ಲಿಗೆ ಹೋಗುತ್ತಿದ್ದೆ. ಅದಕ್ಕೇ ತಡ. ಉಲ್ರಿಕೆ ಕಂಡುಹಿಡಿದಿದ್ದಳು. ಅಪ್ಪನಿಗೆ ಟೋಪಿ ತೆಗೆದು ಕೂಡಲು ನಾನೇ ಹೇಳಲಾ ಎಂದು ಕೇಳಿದಳು. ಹೇಳಬೇಡ ಎಂದೆ."

"ಯಾಕ?"



"ಬೇಕರಿಯಲ್ಲಿ ನಿನ್ನ ಮಾತು ಯಾರೂ ಕೇಳುತ್ತಿರಲಿಲ್ಲ ಅಪ್ಪಾ. ನಾನೂ ಕೇಳದಿದ್ದರೆ ಹೇಗೆ?"

ಅವಳಿಗೆ ಕಾಲು ಬಾರದೆಂದು ನಾನು ಆಸರೆ ಕೊಡುತ್ತಿದ್ದೇನೆಂದುಕೊಂಡಿದ್ದೆ. ಎಂಟು-ಹತ್ತು ವರ್ಷದ ಹುಡುಗಿ, ನೆಟ್ಟಗೆ ನಿಲ್ಲಲು ಬಾರದ ಅಲಗಿನ ಮೇಲೆ, ಅಪ್ಪನಿಗೆ ಬೇಸರವಾಗದಿರಲೆಂದು ಸುತ್ತು ಹಾಕಿ ಬರುತ್ತಿತ್ತು. ಆಯ್ಕೆ ತಪ್ಪಿಹೋಗುವ ಭಯವಿದ್ದರೂ ಬರುತ್ತಿತ್ತು. ಅವತ್ತು ಕಂಬದ ಬಳಿಯಿಂದ ನಾನು ಕೈ ಎತ್ತಬೇಕಿತ್ತು. ಇದನ್ನು ಅವಳಿಗೆ ಹೇಳಲು ಹೋದೆ. ಕ್ರಿಯಾಪದ ಬರುವ ಮೊದಲೇ ಟೋಪಿಯ ಅಂಚಿನಿಂದ ಕಣ್ಣು ಒರೆಸಿಕೊಳ್ಳಬೇಕಾಯಿತು. ನುಸಿಗುಳಿಗೆಯ ವಾಸನೆಗೆ ಹಾಗಾಗುತ್ತದೆ ಎಂದು ಕೆಲ್ಲರಿಗೆ ಇಳಿದು ಬಂದಿದ್ದ ಶೈಲಾಳಿಗೆ ಸನ್ನೆ ಮಾಡಿದೆ. ಅವಳು ಮಾನಿಟರಿನ ಧೂಳು ಒರೆಸುವವಳಂತೆ ಆ ಕಡೆ ತಿರುಗಿಕೊಂಡಳು.

ಬಾನ್‌ನಲ್ಲಿ ಹೆಂಗಸರದೊಂದು ಟೀಮು ಇದೆಯಂತೆ. ಆಫೀಸಿನವರು, ಮಕ್ಕಳೊಂದಿಗರು, ಹೊತ್ತು ಕಳೆಯಲು ಆಡುವವರು. ಅವಳು ಈಚೆಗೆ ಮತ್ತೆ ಅಲಗು ಕಟ್ಟಿಕೊಂಡಿದ್ದಾಳೆ. ಬರುವ ಶನಿವಾರ ಆಟವಿದೆ, ಬಾ ಎಂದಳು. ಟೋಪಿ ತಗೊಂಡು ಬಾ ಎಂದಳು. ಬಲಕ್ಕೆ ಹೊರಳಲು ಈಗಲೂ ಬರುವುದಿಲ್ಲವಂತೆ.

"ಬರ್ತೇನಿ" ಎಂದೆ. "ಎಲ್ಲಿ ನಿಂದ್ರಲಿ ಹೇಳು. ಈ ಸಲ ಗೋಲಿನ ಹಿಂದ ನಿಂದ್ರತೇನಿ."

ಅವಳು ಜರ್ಮನ್ ಬಿಟ್ಟಳು. ಎಷ್ಟೋ ವರ್ಷಗಳ ಮೇಲೆ ಅವಳ ಬಾಯಲ್ಲಿ ಕೇಳಿದೆ, ತುಸು ತಡವರಿಸಿದ, ಅವಳ ಅವ್ವನ ಕನ್ನಡ:

"ಎಲ್ಲೆರ ನಿಂದ್ರು ಅಪ್ಪಾ. ನಾ ಅಲ್ಲಿಗೆ ಬರ್ತೇನಿ."